ಅನ್ಯದೇಶ್ಯ ಎಂದರೆ ಯಾವ ದೇಶ?

ಜಂಗಮಕೋಟೆಯಲ್ಲಿ ರೇಷ್ಮೆ ನೂಲು ತೆಗೆಯುವ ಯಂತ್ರಗಳನ್ನು ರಿಪೇರಿ ಮಾಡುವ ಒಂದು ಸಣ್ಣ ಅಂಗಡಿಯಿದೆ. ಮರದ ಕೆಲಸ, ಕಬ್ಬಿಣದ ಕೆಲಸ ಎರಡೂ ಅಲ್ಲೇ. ರೀಲರುಗಳ ಚರಕದ ಜೊತೆಗೆ ರೈತರ ಔಷಧಿ ಪಂಪು, ಮುರಿದ ಕುರ್ಚಿ, ಬಾಗಿಲಿನ ಚಿಲಕವೂ ಅಲ್ಲಿಗೇ ಬರುತ್ತವೆ. ಅಂಗಡಿಯವರನ್ನು ಊರಿನವರೆಲ್ಲ ಚಾಚಾ ಎನ್ನುತ್ತಾರೆ. ನಾನೂ ಚಿಕ್ಕಂದಿನಿಂದ ಹಾಗೇ ಕರೆದವಳು. ಇಲ್ಲಿಯೂ ಆ ಹೆಸರೇ ಸಾಕು.

ಕಳೆದ ವರ್ಷ ಮಳೆಗಾಲದ ಒಂದು ಮಧ್ಯಾಹ್ನ ನನ್ನ ಪದಪಟ್ಟಿಯನ್ನು ಅವರಿಗೆ ತೋರಿಸಲು ಹೋಗಿದ್ದೆ. ನನ್ನ ಪಿಎಚ್.ಡಿ. ಕೆಲಸ ಶಿಡ್ಲಘಟ್ಟ ತಾಲ್ಲೂಕಿನ ವೃತ್ತಿಪದಗಳ ಮೇಲೆ. ಎರಡು ವರ್ಷ ಬಡಗಿಗಳು, ಗಾರೆಯವರು, ಕಮ್ಮಾರರು, ಗ್ಯಾರೇಜಿನವರ ಬಳಿ ಕೂತು ಕೈ ಉಪಕರಣಗಳ ಹೆಸರು ಬರೆದುಕೊಂಡಿದ್ದೇನೆ. ಪಟ್ಟಿಗೆ ಐದು ಕಾಲಂ: ಪದ, ಅರ್ಥ, ವೃತ್ತಿ, ಮೂಲ, ವಕ್ತೃ. ಚಾಚಾಗೆ ಕನ್ನಡ ಮಾತಾಡಲು ಚೆನ್ನಾಗಿ ಬರುತ್ತದೆ, ಓದಲು ಬರುವುದಿಲ್ಲ. ಕೆಲಸ ಕಲಿಯಲು ಬಂದಿದ್ದ ಹುಡುಗನೊಬ್ಬ ಹಾಳೆ ತೆಗೆದುಕೊಂಡು ಗಟ್ಟಿಯಾಗಿ ಓದತೊಡಗಿದ. ಪೇಚ್‌ಕಸ್, ಅನ್ಯದೇಶ್ಯ. ಹತೋಡಿ, ಅನ್ಯದೇಶ್ಯ. ರೇತಿ, ಅನ್ಯದೇಶ್ಯ. ಬರ್ಮಾ, ಅನ್ಯದೇಶ್ಯ. ಚಾಚಾ ಕೊಟ್ಟ 14 ಪದಗಳಲ್ಲಿ 11ಕ್ಕೆ ನಾನು ಹಾಗೆ ಬರೆದಿದ್ದೆ.

ಚಾಚಾ ಉಜ್ಜುತ್ತಿದ್ದ ಕೈ ನಿಲ್ಲಿಸಿದರು. "ಅನ್ಯದೇಶ ಅಂದ್ರೆ ಯಾವ ದೇಶಮ್ಮಾ?"

ಅದು ವ್ಯಾಕರಣದ ಮಾತು ಚಾಚಾ, ಬೇರೆ ಭಾಷೆಯಿಂದ ಬಂದ ಪದಕ್ಕೆ ಹಾಗೆ ಹೇಳುತ್ತೇವೆ ಎಂದೆ.

"ನಮ್ಮ ಅಬ್ಬಾ ಇಲ್ಲೇ ಹುಟ್ಟಿದ್ದು. ಅವರ ಅಬ್ಬಾನೂ ಇಲ್ಲೇ. ಈ ಪೇಚ್‌ಕಸ್ ಯಾವ ದೇಶದ್ದು?"

ಪಾರಸಿ ಮೂಲದ್ದು, ಇರಾನಿನ ಕಡೆಯದು ಎಂದೆ. ಅವರು ನಕ್ಕರು. "ಇದು ಎಸ್.ಪಿ. ರೋಡಲ್ಲಿ ತಂದಿದ್ದು." ಹುಡುಗನೂ ನಕ್ಕ, ನಾನೂ ನಕ್ಕೆ. ಆಮೇಲೆ ಅವರು ನಗದೆ ಕೇಳಿದರು: "ನಿಮ್ಮ ತಾತನ ಸಾಮಾನೆಲ್ಲಾ ಈ ದೇಶದ್ದೇನಾ?" ಉತ್ತರಕ್ಕೆ ಕಾಯದೆ ಮತ್ತೆ ಉಜ್ಜತೊಡಗಿದರು.

ನನ್ನ ತಾತ ಬಡಗಿ. ಅವರ ಸಾಮಾನಿನ ಪೆಟ್ಟಿಗೆ ಈಗಲೂ ನಮ್ಮ ಮನೆಯಲ್ಲಿದೆ. ಹೆಣ್ಣುಮಗುವಿನ ಕೈಗೆ ಉಳಿ ಕೊಡುವ ರೂಢಿ ನಮ್ಮ ಮನೆಯಲ್ಲಿರಲಿಲ್ಲ. ಹಾಗಾಗಿ ಸಾಮಾನುಗಳ ಹೆಸರುಗಳಷ್ಟೇ ನನ್ನ ಪಾಲಿಗೆ ಬಂದವು. ಆ ಹೆಸರುಗಳಿಂದಲೇ ಇವತ್ತು ನನಗೊಂದು ಫೆಲೋಶಿಪ್ ಸಿಗುತ್ತಿದೆ. ಚಾಚಾ ಕೇಳಿದ ಪ್ರಶ್ನೆ ಭಾಷಾಶಾಸ್ತ್ರದ್ದೆಂದು ಮೊದಲು ಅಂದುಕೊಂಡೆ. ಮನೆಗೆ ಹೋಗಿ ಪೆಟ್ಟಿಗೆ ತೆರೆದು ಕೂತ ಮೇಲೆ ಅದು ನ್ಯಾಯದ ಪ್ರಶ್ನೆ ಅನ್ನಿಸಿತು. ಈ ಬರಹ ಅವರಿಗೆ ನಾನು ತಡವಾಗಿ ಕೊಡುತ್ತಿರುವ ಉತ್ತರ.

ಪೆಟ್ಟಿಗೆಯಲ್ಲಿದ್ದದ್ದು ಸುತ್ತಿಗೆ, ಉಳಿ, ಬಾಚಿ, ಗರಗಸ, ಅರ, ಬೈರಿಗೆ, ತೋಪಡ, ಮೂಲೆಮಟ್ಟ, ಒಂದು ಕತ್ತರಿ. ಇವುಗಳಲ್ಲಿ ಸುತ್ತಿಗೆ, ಉಳಿ, ಅರ ನಮ್ಮವೇ. ತಮಿಳು, ತೆಲುಗಿನಲ್ಲೂ ಇವುಗಳಿಗೆ ಒಡಹುಟ್ಟಿದವರಿದ್ದಾರೆ. ಆದರೆ ಗರಗಸ? ಕೇಳಲು ಅಚ್ಚಗನ್ನಡ. ಮರ ಕೊಯ್ಯುವ ಸದ್ದೇ ಹೆಸರಾದಂತಿದೆ. ಶಾಲೆಯ ವ್ಯಾಕರಣದಲ್ಲಿ ಮಾತ್ರ ಅದು ಸಂಸ್ಕೃತದ ಕ್ರಕಚ ಎಂಬುದರ ತದ್ಭವ. ಕತ್ತರಿ ಕರ್ತರಿಯ ತದ್ಭವ, ಸೂಜಿ ಸೂಚಿಯ ತದ್ಭವ. ಅಂದರೆ ಗರಗಸವೂ ಒಂದು ಕಾಲದಲ್ಲಿ ಹೊರಗಿನಿಂದ ಬಂದದ್ದೇ. ತಾತನ ಸಾಮಾನೆಲ್ಲಾ ಈ ದೇಶದ್ದೇನಾ ಎಂಬ ಪ್ರಶ್ನೆಗೆ ಪೆಟ್ಟಿಗೆಯೇ ಉತ್ತರ ಹೇಳುತ್ತಿತ್ತು.

ನಮ್ಮ ವ್ಯಾಕರಣ ಪರಂಪರೆ ಪದಗಳನ್ನು ತತ್ಸಮ, ತದ್ಭವ, ದೇಶ್ಯ, ಅನ್ಯದೇಶ್ಯ ಎಂದು ವಿಂಗಡಿಸುತ್ತದೆ. ಸಂಸ್ಕೃತದಿಂದ ಹೇಗಿತ್ತೋ ಹಾಗೆ ಬಂದರೆ ತತ್ಸಮ, ಅದಕ್ಕೆ ಸಮಾನ. ರೂಪ ಬದಲಿಸಿಕೊಂಡು ಬಂದರೆ ತದ್ಭವ, ಅದರಿಂದ ಹುಟ್ಟಿದ್ದು. ಹುಟ್ಟು ಎನ್ನುವುದು ಮನೆಯ ಮಾತು, ಸಂಬಂಧದ ಮಾತು. ಕೇಶಿರಾಜ 13ನೇ ಶತಮಾನದಲ್ಲಿ ಶಬ್ದಮಣಿದರ್ಪಣ ಬರೆದಾಗ ತದ್ಭವಗಳಿಗೆ ಪ್ರಕರಣವೊಂದನ್ನೇ ಮೀಸಲಿಟ್ಟ. ಉರ್ದು, ಪಾರಸಿ, ಪೋರ್ಚುಗೀಸ್, ಇಂಗ್ಲಿಷಿನಿಂದ ಬಂದರೆ ಮಾತ್ರ ಹುಟ್ಟಿನ ಮಾತಿಲ್ಲ. ಅಲ್ಲಿ ಅನ್ಯ ಎಂಬ ಪದ ಬರುತ್ತದೆ, ದೇಶ ಎಂಬ ಪದ ಬರುತ್ತದೆ. ಈ ಹೆಸರುಗಳನ್ನು ಯಾರೂ ಕೆಟ್ಟ ಮನಸ್ಸಿನಿಂದ ಇಟ್ಟದ್ದಲ್ಲ. ಆದರೆ ಚಾಚಾನಂಥ ಒಬ್ಬರು ಅದನ್ನು ಕಿವಿಯಿಂದ ಕೇಳಿದಾಗ ಮೊದಲು ಕೇಳಿಸುವುದು ವ್ಯಾಕರಣವಲ್ಲ.

ಇನ್ನೂ ಒಂದು ತೊಡಕಿದೆ. ಹತೋಡಿಯನ್ನು ಬಿಡಿಸಿ ನೋಡಿ. ಅದರೊಳಗಿರುವುದು ಹಾಥ್, ಅಂದರೆ ಕೈ. ಹಾಥ್ ಬಂದದ್ದು ಹಸ್ತದಿಂದ. ಗಾರೆಯವರ ಕರಣೆಯನ್ನು ಉರ್ದುವಿನಲ್ಲಿ ಕರ್ನಿ ಎನ್ನುತ್ತಾರೆ. ಎರಡರಲ್ಲೂ ಇರುವುದು ಮಾಡು ಎಂಬ ಅರ್ಥದ ಒಂದೇ ಸಂಸ್ಕೃತ ಧಾತು. ಆದರೂ ನನ್ನ ಪಟ್ಟಿಯಲ್ಲಿ ಕರಣೆ ಒಳಗಿನದು, ಕರ್ನಿ ಹೊರಗಿನದು. ಹಸ್ತ ನೇರವಾಗಿ ಬಂದರೆ ತತ್ಸಮ, ಹತೋಡಿಯ ಒಳಗೆ ಕೂತು ಬಂದರೆ ಅನ್ಯದೇಶ್ಯ. ನನ್ನ ಕಾಲಂ ಅಳೆಯುತ್ತಿದ್ದದ್ದು ಪದದ ಮೂಲವನ್ನಲ್ಲ, ಅದನ್ನು ಹೊತ್ತು ತಂದವರು ಯಾರೆಂಬುದನ್ನು. ತಲೆಬರಹ ಮಾತ್ರ 'ಮೂಲ' ಎಂದಿತ್ತು.

ಗುನಿಯಾ ಎಂಬ ಇನ್ನೊಂದು ಪದ ನನ್ನನ್ನು ಬಹಳ ದಿನ ಕಾಡಿತು. ಮೂಲೆ ನೆಟ್ಟಗಿದೆಯೇ ಎಂದು ನೋಡುವ ಲಂಬಕೋನದ ಪಟ್ಟಿ ಅದು. ತಾತ ಅದನ್ನು ಮೂಲೆಮಟ್ಟ ಎನ್ನುತ್ತಿದ್ದರು. ಚಾಚಾ ಗುನಿಯಾ ಎನ್ನುತ್ತಾರೆ. ಉರ್ದುವಿಗೆ ಅದು ಪಾರಸಿಯಿಂದ ಬಂತು, ಪಾರಸಿಗೆ ಗ್ರೀಕಿನ ಗೋನಿಯಾದಿಂದ. ಗೋನಿಯಾ ಎಂದರೆ ಕೋನ. ನಾವು ಶಾಲೆಯಲ್ಲಿ ಕಲಿತ ಕೋನ ಕೂಡ ಅದೇ ಗ್ರೀಕ್ ಪದ ಸಂಸ್ಕೃತಕ್ಕೆ ಬಂದು ಆದದ್ದು ಎಂಬುದು ಹಲವು ವಿದ್ವಾಂಸರ ಅಭಿಪ್ರಾಯ. ಟ್ರಿಗನಾಮೆಟ್ರಿ ಎಂಬ ಇಂಗ್ಲಿಷ್ ಹೆಸರಿನ ನಡುವೆ ಇರುವುದೂ ಇದೇ. ಒಂದೇ ಗ್ರೀಕ್ ಪದ ಮೂರು ದಾರಿ ಹಿಡಿದು ಜಂಗಮಕೋಟೆಗೆ ಬಂದಿದೆ: ಗಣಿತದ ಮೇಷ್ಟರ ಬಾಯಲ್ಲಿ ಕೋನವಾಗಿ, ಕಾಲೇಜಿನಲ್ಲಿ ಟ್ರಿಗನಾಮೆಟ್ರಿಯಾಗಿ, ಚಾಚಾನ ಅಂಗಡಿಯಲ್ಲಿ ಗುನಿಯಾ ಆಗಿ. ಮೊದಲ ಎರಡಕ್ಕೆ ಪಾಠಪುಸ್ತಕದಲ್ಲಿ ಜಾಗವಿದೆ. ಮೂರನೆಯದು ಮೊಳೆಗೆ ನೇತುಹಾಕಿದೆ.

ಈ ಊರಿನ ಬಗ್ಗೆ ಎರಡು ಮಾತು ಹೇಳಬೇಕು. ಜಂಗಮಕೋಟೆ ಶಿಡ್ಲಘಟ್ಟ ತಾಲ್ಲೂಕಿನ ಹೋಬಳಿ ಕೇಂದ್ರ. 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಾಗುವವರೆಗೆ ಕೋಲಾರಕ್ಕೆ ಸೇರಿತ್ತು. ಇಲ್ಲಿ ಒಂದೇ ಬೀದಿಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಮನೆಮಾತುಗಳು. ಹಿಪ್ಪುನೇರಳೆ ತೋಟದ ಕೆಲಸ ಹೆಚ್ಚಾಗಿ ಕನ್ನಡ, ತೆಲುಗಿನಲ್ಲಿ ನಡೆದರೆ, ಗೂಡು ಶಿಡ್ಲಘಟ್ಟದ ಮಾರುಕಟ್ಟೆ ದಾಟಿ ನೂಲಾಗುವ ಹೊತ್ತಿಗೆ ಮಾತು ಬಹುಪಾಲು ಉರ್ದುವಾಗಿರುತ್ತದೆ. ಗೂಡು ಕಟ್ಟುವ ಬಿದಿರಿನ ತಟ್ಟೆ ಚಂದ್ರಿಕೆ, ಸಂಸ್ಕೃತದ್ದು. ನೂಲು ಸುತ್ತುವ ಚರಕ, ಪಾರಸಿಯದು. ಹೊಲದಲ್ಲೂ ಹೀಗೇ. ಕನ್ನಡದವರು ಚನಿಕೆ ಎನ್ನುವುದನ್ನು ತೆಲುಗಿನವರು ಪಾರ ಎನ್ನುತ್ತಾರೆ. ಆ ಪಾರಕ್ಕೂ ನಮ್ಮ ಹಾರೆಗೂ ಮೂಲ ಒಂದೇ, ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರವಾದದ್ದಷ್ಟೇ ವ್ಯತ್ಯಾಸ. ಆದರೆ ಒಂದು ಕಡೆ ಮಣ್ಣು ಎಳೆಯುವ ಸಾಮಾನು, ಇನ್ನೊಂದು ಕಡೆ ಬಂಡೆ ಮೀಟುವ ಸರಳು. ಅಜ್ಜಿಗೆ ಪಿಕಾಸಿ ಅಚ್ಚಗನ್ನಡ. ಅದು ಇಂಗ್ಲಿಷಿನ ಪಿಕ್‌ಆ್ಯಕ್ಸ್ ಎಂದು ಹೇಳಿದರೆ, "ನಾನು ಇಂಗ್ಲೀಷು ಓದಿದ್ದೀನಾ, ನನ್ನ ಬಾಯಿಗೆ ಹೆಂಗೆ ಬರುತ್ತೆ?" ಎಂದು ಕೇಳುತ್ತಾಳೆ. ಅವಳ ಮಾತಿನಲ್ಲಿ ತರ್ಕವಿದೆ. ಅವಳು ಅದನ್ನು ಕಲಿತದ್ದು ತನ್ನ ತಾಯಿಯಿಂದ. ಯಾವ ದೊರೆಯಿಂದಲೂ ಅಲ್ಲ.

ಉರ್ದುವಿನ ಪದಗಳಿಗೂ ಇದೇ ನ್ಯಾಯ. ಚಾಚಾ ಮಾತಾಡುವುದು ದಖನಿ. ದಖನಿಯಲ್ಲಿ ನಮಗೆ ಸಿಕ್ಕಿರುವ ಅತ್ಯಂತ ಹಳೆಯ ದೀರ್ಘ ಕಾವ್ಯವೆಂದು ಎಣಿಸುವ ನಿಜಾಮಿಯ 'ಕದಮ್ ರಾವ್ ಪದಮ್ ರಾವ್' 15ನೇ ಶತಮಾನದ ಬಹಮನಿ ಆಳ್ವಿಕೆಯ ಕಾಲದ್ದು. ಆ ಬಹಮನಿಗಳ ರಾಜಧಾನಿಗಳು ಕಲಬುರಗಿ ಮತ್ತು ಬೀದರ್. ಎರಡನೇ ಇಬ್ರಾಹಿಂ ಆದಿಲ್ ಶಾಹ 'ಕಿತಾಬ್-ಎ-ನೌರಸ್' ಬರೆದದ್ದು ವಿಜಯಪುರದಲ್ಲಿ. ಒಂದು ಭಾಷೆಯ ಮೊದಮೊದಲ ಪುಸ್ತಕಗಳು ಕರ್ನಾಟಕದ ನೆಲದಲ್ಲಿ ಹುಟ್ಟಿವೆ. ಆ ಭಾಷೆಯ ಪದಕ್ಕೆ ನಾನು ಅನ್ಯದೇಶ್ಯ ಎಂದು ಬರೆದಿದ್ದೆ.

ಇಷ್ಟನ್ನು ಸಂಶೋಧನೆಯ ಗೆಳತಿಯೊಬ್ಬಳ ಮುಂದೆ ಹೇಳಿದಾಗ ಅವಳು ಒಪ್ಪಲಿಲ್ಲ. ಅವಳ ವಾದ ಗಟ್ಟಿಯಾಗಿತ್ತು. ಪದದ ಮೂಲ ಗುರುತಿಸುವುದು ಅವಮಾನವಲ್ಲ, ಪ್ರಾಮಾಣಿಕತೆ. 1894ರ ಕಿಟೆಲ್ ನಿಘಂಟಿನಿಂದ ಹಿಡಿದು ಇಂದಿನವರೆಗೆ ನಿಘಂಟುಕಾರರು ಮಾಡಿಕೊಂಡು ಬಂದ ಕೆಲಸ ಅದು. ಯಾರಿಗೋ ನೋವಾಯಿತೆಂದು ಕಾಲಂ ಅಳಿಸಿದರೆ ಪದಗಳ ಚರಿತ್ರೆಯೇ ಅಳಿಯುತ್ತದೆ ಎಂದಳು. ಕೊನೆಗೆ, "ಎಲ್ಲವೂ ಕನ್ನಡವೇ ಎಂದು ತಬ್ಬಿಕೊಳ್ಳುತ್ತಾ ಹೋದರೆ ನಾಳೆ ಡ್ರಿಲ್, ಕಟರ್, ಗ್ರೈಂಡರ್ ಉಳಿಯುತ್ತವೆ. ನಿನ್ನ ತಾತನ ಬೈರಿಗೆ ಎಲ್ಲಿರುತ್ತದೆ?" ಎಂದು ಕೇಳಿದಳು.

ಬೈರಿಗೆಯ ಮಾತು ಬಂದಾಗ ನಾನು ಸುಮ್ಮನಾದೆ. ಅದು ನಿಜ. ನನ್ನ ಕ್ಷೇತ್ರಕಾರ್ಯದಲ್ಲಿ 30 ವರ್ಷದೊಳಗಿನ ಒಬ್ಬರಿಂದಲೂ ಆ ಪದ ಕೇಳಿಲ್ಲ. ಕೀಸುಳಿ ಎಂಬ ಪದ ನಿಘಂಟಿನಲ್ಲಿ ಸಿಕ್ಕಿತು, ಬಾಯಲ್ಲಿ ಸಿಗಲಿಲ್ಲ. ಪದ ಹೋಗುವಾಗ ಜೊತೆಗೆ ಇನ್ನೇನನ್ನೋ ಕರೆದುಕೊಂಡು ಹೋಗುತ್ತದೆ. ಮರದ ನಾರು ಯಾವ ಕಡೆಗಿದೆ ನೋಡಿ ತೋಪಡ ಹೊಡೆಯಬೇಕು ಎಂಬ ತಾತನ ಅರಿವು ತೋಪಡ ಎಂಬ ಪದದ ಪಕ್ಕದಲ್ಲೇ ಕೂತಿತ್ತು. ಆದ್ದರಿಂದ ಭಾಷೆ ಹರಿಯುವ ನದಿ, ಎಲ್ಲ ಪದಗಳೂ ಬರಲಿ ಹೋಗಲಿ ಎಂಬ ಸಲೀಸಾದ ಮಾತು ನನಗೆ ಬೇಡ. ಕಳೆದುಹೋಗುವುದು ಕಳೆದುಹೋಗುವುದೇ. ಚರಿತ್ರೆಯ ಕಾಲಂ ಬೇಕು ಎಂಬ ಗೆಳತಿಯ ಮಾತನ್ನೂ ಒಪ್ಪುತ್ತೇನೆ.

ಆದರೆ ಬೈರಿಗೆಯನ್ನು ಓಡಿಸಿದ್ದು ಬರ್ಮಾ ಅಲ್ಲ. ಚಾಚಾನ ಅಂಗಡಿಯಲ್ಲಿ ಎರಡು ದಿನ ಕೂತ ಮೇಲೆ ತಿಳಿದದ್ದು ಇದು. ಅಲ್ಲಿ ಬೈರಿಗೆ, ಬರ್ಮಾ, ಡ್ರಿಲ್ ಎಂಬ ಮೂರೂ ಪದಗಳಿವೆ. ನಾನು ಪಟ್ಟಿಯಲ್ಲಿ ಮೂರನ್ನೂ ಸಮಾನಾರ್ಥಕವೆಂದು ಬರೆದಿದ್ದೆ. ತಪ್ಪು. ಆ ಅಂಗಡಿಯಲ್ಲಿ ಬೈರಿಗೆ ಎಂದರೆ ಬಿಲ್ಲಿಗೆ ದಾರ ಸುತ್ತಿ ಎಳೆಯುವ ಹಳೆಯದು. ಬರ್ಮಾ ಎಂದರೆ ಹಿಡಿ ತಿರುಗಿಸಿ ತೂತು ಕೊರೆಯುವುದು. ಡ್ರಿಲ್ ಎಂದರೆ ಕರೆಂಟಿನದು. ಒಂದೇ ಕೆಲಸದ ಮೂರು ಕಾಲಗಳನ್ನು ಮೂರು ಭಾಷೆಗಳು ಹಂಚಿಕೊಂಡಿವೆ. ಎರಡು ಹೆಸರುಗಳು ಒಂದನ್ನೊಂದು ತಳ್ಳದೆ ಸ್ವಲ್ಪ ಸರಿದು ಕೂತಿವೆ. ಬೈರಿಗೆ ಎಂಬ ಕನ್ನಡ ಪದವನ್ನು ಈ ಊರಿನಲ್ಲಿ ಇವತ್ತು ಬಾಯಲ್ಲಿ ಉಳಿಸಿಕೊಂಡಿರುವ ಕೆಲವರಲ್ಲಿ ಉರ್ದು ಮನೆಮಾತಿನ ಚಾಚಾ ಒಬ್ಬರು. ಆ ಪದದ ಎದುರು 'ವಕ್ತೃ' ಕಾಲಮ್ಮಿನಲ್ಲಿ ನಾನು ತಾತನ ಹೆಸರು ಬರೆದುಕೊಂಡಿದ್ದೆ. ತಾತ ತೀರಿಕೊಂಡು ಒಂಬತ್ತು ವರ್ಷವಾಗಿದೆ.

ಪದಗಳ ಮೇಲುಕೀಳೂ ಇಲ್ಲೇ ಕಾಣುತ್ತದೆ. ಒಂದು ವಿಚಾರ ಸಂಕಿರಣದಲ್ಲಿ ಈ ಪಟ್ಟಿಯ ಒಂದು ಭಾಗ ಓದಿದ್ದೆ. ಸ್ಪಾನರ್ ಎಂದಾಗ ಯಾರೂ ಅಲುಗಲಿಲ್ಲ. ಪಾನಾ ಎಂದಾಗ ಹಿಂದಿನ ಸಾಲಿನಲ್ಲಿ ಸಣ್ಣ ನಗು. ಪೇಚ್‌ಕಸ್ ಎಂದಾಗ ಇನ್ನೂ ಸ್ವಲ್ಪ. ಸ್ಕ್ರೂಡ್ರೈವರ್ ಎಂದಾಗ ಮತ್ತೆ ಮೌನ. ಇಂಗ್ಲಿಷ್ ಪದ ಸಹಜವಾಗಿ ಒಳಗೆ ಬರುತ್ತದೆ, ಉರ್ದು ಪದ ಬಾಗಿಲಲ್ಲಿ ನಿಂತು ಪರಿಚಯ ಹೇಳಬೇಕು. ಇಂಗ್ಲಿಷಿನ ಪೆಟ್ಟಿಗೆಯೂ ಹೀಗೇ ಇದೆ ಎಂಬುದು ಬೇರೆ ಮಾತು. ಸ್ಪಾನರ್ ಎಂಬುದನ್ನು ಇಂಗ್ಲಿಷ್ 17ನೇ ಶತಮಾನದಲ್ಲಿ ಜರ್ಮನ್‌ನಿಂದ ತಂದುಕೊಂಡಿತು. ಆಗ ಅದು ಬಂದೂಕಿನ ಸ್ಪ್ರಿಂಗ್ ಬಿಗಿಯುವ ಸಾಧನದ ಹೆಸರು. ಅಲೆನ್ ಕೀ ಎಂಬುದು ಅಮೆರಿಕದ ಒಂದು ಕಂಪನಿಯ ಹೆಸರು. ನಮ್ಮ ಗ್ಯಾರೇಜುಗಳಲ್ಲಿ ಅದು ಎಲ್ ಮತ್ತು ಎನ್ ಎಂಬ ಎರಡು ಅಕ್ಷರಗಳೇನೋ ಎಂಬಂತೆ ಎಲ್ಎನ್ ಕೀ ಆಗಿದೆ. ಈ ಕೆಲಸಗಳ ಯಜಮಾನನನ್ನು ಕರೆಯುವ ಮೇಸ್ತ್ರಿ ಎಂಬ ಪದವೇ ಪೋರ್ಚುಗೀಸರ ಮೆಸ್ತ್ರೆ. ಅದಕ್ಕೆ ಯಾರೂ ನಗುವುದಿಲ್ಲ. ನಗು ಪದದ ಮೂಲಕ್ಕೆ ಬರುವುದಲ್ಲ, ಪದ ಹೇಳುವವರ ಅಂತಸ್ತಿಗೆ ಬರುವುದು. ಆ ದಿನ ನಾನೂ ವೇದಿಕೆಯ ಮೇಲೆ ಸ್ವಲ್ಪ ನಕ್ಕೆ. ಅದನ್ನೂ ಇಲ್ಲಿ ಬರೆಯಬೇಕು.

ಹಾಗಾದರೆ ಉಪಕರಣದ ಹೆಸರು ಸರಿಯೋ ತಪ್ಪೋ ಎಂದು ತೀರ್ಮಾನಿಸುವುದು ಹೇಗೆ? ಅಂಗಡಿಯಲ್ಲಿ ಅದಕ್ಕೊಂದು ಪರೀಕ್ಷೆಯಿದೆ. ಚಾಚಾ ಯಂತ್ರದ ಕೆಳಗೆ ತಲೆಯಿಟ್ಟಿರುತ್ತಾರೆ, ಕಣ್ಣು ಕೆಲಸದ ಮೇಲೆ. ಒಂದು ಕೈ ಹಿಂದಕ್ಕೆ ಚಾಚಿ "ದಸ್-ಗ್ಯಾರಾ" ಎನ್ನುತ್ತಾರೆ. ಒಂದು ತುದಿ 10, ಇನ್ನೊಂದು ತುದಿ 11 ಮಿಲಿಮೀಟರಿನ ಸ್ಪಾನರ್ ಆ ಕೈಗೆ ಬಂದು ಕೂರಬೇಕು. ಬಂದರೆ ಪದ ಸರಿ. ತಿರುಗಿ ನೋಡಬೇಕಾಗಿ ಬಂದರೆ ಸರಿಯಿಲ್ಲ. ಆ ಹುಡುಗನ ಮನೆಮಾತು ತೆಲುಗು, ಓದುವುದು ಕನ್ನಡ, ಕೆಲಸ ಕಲಿಯುವುದು ಉರ್ದುವಿನಲ್ಲಿ. ದಸ್-ಗ್ಯಾರಾ ಎಂದರೆ ಅವನ ಕೈ ತಡವರಿಸುವುದಿಲ್ಲ.

ನಾನೂ ಒಮ್ಮೆ ಪರೀಕ್ಷೆ ಮಾಡಿದೆ. ಕನ್ನಡದಲ್ಲಿ ಸ್ಕ್ರೂಡ್ರೈವರಿಗೆ ತಿರುಪುಳಿ ಎಂಬ ಪದವಿದೆ. ತಿರುಪು ಮತ್ತು ಉಳಿ ಸೇರಿ ಆದದ್ದು, ನನಗೆ ಬಹಳ ಇಷ್ಟದ ಪದ. "ತಿರುಪುಳಿ ಕೊಡಪ್ಪಾ" ಎಂದೆ. ಹುಡುಗ ಒಂದು ಕ್ಷಣ ಯೋಚಿಸಿ ಉಳಿ ತಂದುಕೊಟ್ಟ. ಅವನು ಕೇಳಿಸಿಕೊಂಡದ್ದು ಪದದ ಕೊನೆಯನ್ನು. ಚಾಚಾ ಯಂತ್ರದ ಕೆಳಗಿನಿಂದಲೇ "ಪೇಚ್‌ಕಸ್" ಎಂದರು, ಪೇಚ್‌ಕಸ್ ಬಂತು. ತಿರುಪುಳಿ ಕೆಟ್ಟ ಪದವಲ್ಲ. ಆದರೆ ಅದನ್ನು ಆ ಹುಡುಗನ ಕೈಗೆ ಯಾರೂ ಕೊಟ್ಟಿರಲಿಲ್ಲ. ನಾನು ಪುಸ್ತಕದಿಂದ ನೇರವಾಗಿ ಅವನ ಕಿವಿಗೆ ಎಸೆದಿದ್ದೆ. ಅರ್ಥವಾಗುವ ಪದಕ್ಕೂ ಕೈಗೆ ಬರುವ ಪದಕ್ಕೂ ಇರುವ ಅಂತರ ಅಲ್ಲಿ ತಿಳಿಯಿತು.

ಬೇರೆ ಭಾಷೆಯಿಂದ ಬಂದ ಪದಕ್ಕೆ ಕನ್ನಡದಲ್ಲಿ ಇನ್ನೊಂದು ಹೆಸರಿದೆ: ಎರವಲು ಪದ. ಅನ್ಯದೇಶ್ಯಕ್ಕಿಂತ ಇದು ನನಗೆ ಹತ್ತಿರ. ಯಾಕೆಂದರೆ ಹಳ್ಳಿಯಲ್ಲಿ ಎರವಲು ಎಂದ ಕೂಡಲೇ ನೆನಪಾಗುವುದೇ ಸಾಮಾನು. ಪಕ್ಕದ ಮನೆಯ ಹಾರೆ, ಎದುರು ಮನೆಯ ಕೊಡಲಿ. ಎರವಲಿಗೆ ನಮ್ಮ ಮನೆಯಲ್ಲಿ ಅಜ್ಜಿಯ ನಿಯಮಗಳಿದ್ದವು. ಕೇಳದೆ ತರಬಾರದು. ದೀಪ ಹಚ್ಚುವ ಮೊದಲು ವಾಪಸು ಕೊಡಬೇಕು. ಮೊಂಡಾಗಿದ್ದರೆ ಮಸೆದು ಕೊಡಬೇಕು. ಯಾರದೆಂದು ಕೇಳಿದರೆ ನಮ್ಮದು ಎನ್ನಬಾರದು.

ಪದಕ್ಕೂ ಸಾಮಾನಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಕೊಡಲಿ ತಂದರೆ ಪಕ್ಕದ ಮನೆಯಲ್ಲಿ ಕೊಡಲಿ ಇರುವುದಿಲ್ಲ. ಪದ ತಂದರೆ ಅವರಲ್ಲೂ ಇರುತ್ತದೆ, ನಮ್ಮಲ್ಲೂ ಇರುತ್ತದೆ. ಆದ್ದರಿಂದ ವಾಪಸು ಕೊಡುವ ಪ್ರಶ್ನೆಯೇ ಇಲ್ಲ ಎಂದು ಭಾಷಾಶಾಸ್ತ್ರದವರು ಎರವಲು ಎಂಬ ಹೋಲಿಕೆಯನ್ನೇ ಒಪ್ಪದಿರಬಹುದು. ನನಗೆ ಅನ್ನಿಸುವುದು ಬೇರೆ. ವಾಪಸು ಕೊಡುವ ನಿಯಮ ಬಿಟ್ಟುಹೋದರೂ ಉಳಿದ ಎರಡು ನಿಯಮ ಉಳಿಯುತ್ತವೆ. ಒಂದು, ಮಸೆಯಬೇಕು. ಎರಡು, ಯಾರಿಂದ ತಂದದ್ದೆಂದು ಮರೆಯಬಾರದು.

ಮಸೆಯುವ ಕೆಲಸವನ್ನು ಕನ್ನಡ ಚೆನ್ನಾಗಿ ಮಾಡಿದೆ. ಪಾರಸಿಯಲ್ಲಿ ಪೇಚ್ ಎಂದರೆ ತಿರುವು, ಸುರುಳಿ. ಅದನ್ನು ತಿರುಗಿಸಿ ಎಳೆಯುವುದು ಪೇಚ್‌ಕಸ್. ಕನ್ನಡ ಆ ತಿರುವನ್ನು ಕಬ್ಬಿಣದಿಂದ ಬಿಡಿಸಿ ಮನಸ್ಸಿಗೆ ಹಾಕಿತು. ಪೇಚಿಗೆ ಸಿಕ್ಕಿಕೊಳ್ಳುವುದು, ಪೇಚಾಡುವುದು, ಪೇಚಾಟ. ಒಳಗೆ ಏನೋ ತಿರುಚಿಕೊಂಡು ಸಡಿಲವಾಗದ ಆ ಸ್ಥಿತಿಗೆ ಇದಕ್ಕಿಂತ ಸರಿಯಾದ ಪದ ನನಗೆ ಗೊತ್ತಿಲ್ಲ. ಎರಡನೇ ಸಲ ಹೋದಾಗ ಚಾಚಾಗೆ ಇದನ್ನು ಹೇಳಿದೆ. ಪೇಚಾಟ ಎಂಬ ಪದವನ್ನು ಅವರೂ ದಿನಾ ಬಳಸುತ್ತಾರೆ, ಆದರೆ ಅದರೊಳಗೆ ತಮ್ಮ ಪೇಚ್ ಇದೆಯೆಂದು ಯೋಚಿಸಿರಲಿಲ್ಲ. "ಹಂಗಾದ್ರೆ ಪೇಚಾಟ ತೆಗೆಯೋಕೂ ಒಂದು ಪೇಚ್‌ಕಸ್ ಬೇಕು" ಎಂದರು.

ಎರಡನೆಯ ನಿಯಮದಲ್ಲಿ ನಾವು, ಅಂದರೆ ಓದಿದವರು, ಸೋತಿದ್ದೇವೆ. ಪದವನ್ನು ಒಂದು ಭಾಷೆ ಇನ್ನೊಂದು ಭಾಷೆಯಿಂದ ತೆಗೆದುಕೊಳ್ಳುತ್ತದೆ ಎಂದು ಪುಸ್ತಕಗಳು ಹೇಳುತ್ತವೆ. ಭಾಷೆಗೆ ಕೈಯಿಲ್ಲ. ಕೊಡುವುದು ಒಬ್ಬ ಮನುಷ್ಯ, ತೆಗೆದುಕೊಳ್ಳುವುದು ಇನ್ನೊಬ್ಬ. ಯಾವುದೋ ಚಾವಣಿಯ ಕೆಳಗೆ ಉರ್ದುವಿನ ಬಡಗಿ ಕನ್ನಡದ ಬಡಗಿಗೆ ರಂದಾ ಕೊಟ್ಟಿರುತ್ತಾನೆ, ಜೊತೆಗೆ ಹೆಸರನ್ನೂ. ಈ ಮುಖಗಳನ್ನು ಬರೆದಿಟ್ಟವರೂ ಇದ್ದಾರೆ. ಉರ್ದುವಿನಲ್ಲಿ ಅಂಜುಮನ್ ತರಕ್ಕಿ-ಎ-ಉರ್ದು ಸಂಸ್ಥೆ ಪ್ರಕಟಿಸಿದ 'ಫರಹಂಗ್-ಎ-ಇಸ್ತಿಲಾಹಾತ್-ಎ-ಪೇಶಾವರಾನ್' ಕಸುಬುದಾರರ ಪದಗಳಿಗೇ ಮೀಸಲಾದ ಬಹುಸಂಪುಟ ಕೋಶ. ತೆಲುಗಿನಲ್ಲಿ ಭದ್ರಿರಾಜು ಕೃಷ್ಣಮೂರ್ತಿಯವರ ಮಾಂಡಲಿಕ ವೃತ್ತಿ ಪದಕೋಶದ ಕೃಷಿ ಸಂಪುಟ 1962ರಲ್ಲಿ ಬಂತು. ಯಾವ ಪ್ರದೇಶದಲ್ಲಿ ಯಾವ ಪದ ಎಂದು ಊರೂರಿಗೆ ಹೋಗಿ ಕೇಳಿ ಬರೆದದ್ದು. ಹೊಲದ, ಅಂಗಡಿಯ ಮಾತಿಗೂ ಗ್ರಂಥದ ಮರ್ಯಾದೆ ಸಲ್ಲಬೇಕು ಎಂದು ಅವರು ನಂಬಿದ್ದರು. ನನ್ನ ಕೆಲಸವೂ ಆ ದಾರಿಯದೇ ಎಂದುಕೊಂಡಿದ್ದೆ. ಆದರೆ ನನ್ನ ಪಟ್ಟಿಯಲ್ಲಿ ಚಾಚಾ 'ವಕ್ತೃ-7'. ದಸ್-ಗ್ಯಾರಾ ಎಂಬ ಸ್ಪಾನರಿಗೆ ಸಂಖ್ಯೆಯೇ ಹೆಸರಾದಂತೆ ಅವರಿಗೂ ಆಗಿತ್ತು. ಸ್ಪಾನರಿಗಾದರೆ ಆ ಸಂಖ್ಯೆ ಅದರ ಅಳತೆ. ಚಾಚಾ ಅಳತೆ ಏಳಲ್ಲ.

ಎರವಲು ತಂದವಳು ನಾನು ಎಂಬುದು ಹೀಗೆ ಅರ್ಥವಾಯಿತು. ಕನ್ನಡ ಉರ್ದುವಿನಿಂದ ತಂದ ಸಾಲದ ಲೆಕ್ಕ ಬರೆಯುತ್ತಿದ್ದ ನಾನು, ನಾನೇ ಅವರಿಂದ ತಂದ 14 ಪದಗಳ ಲೆಕ್ಕ ಬರೆದಿರಲಿಲ್ಲ. ಆ ಪದಗಳಿಂದ ನನಗೆ ಒಂದು ಅಧ್ಯಾಯವಾಗುತ್ತದೆ, ಪದವಿಯಾಗುತ್ತದೆ, ಬಹುಶಃ ಒಂದು ಕೆಲಸವೂ ಆದೀತು. ಅವರಿಗೆ ಸಿಕ್ಕಿದ್ದು ತಾನು ಅನ್ಯದೇಶದವನೋ ಎಂಬ ಅನುಮಾನ. ಕೇಳದೆ ತರಲಿಲ್ಲ ನಿಜ, ಕೇಳಿಯೇ ತಂದೆ. ಆದರೆ ತಂದದ್ದನ್ನು ಮೊಂಡು ಮಾಡಿ ತೋರಿಸಿದ್ದೆ.

ಈಗ ನನ್ನ ಪಟ್ಟಿಯಲ್ಲಿ 'ಮೂಲ' ಎಂಬ ಕಾಲಂ ಇಲ್ಲ. ಅದರ ಜಾಗದಲ್ಲಿ 'ಬಂದ ದಾರಿ' ಎಂದಿದೆ. ಗುನಿಯಾದ ಎದುರು ಗ್ರೀಕ್, ಪಾರಸಿ, ದಖನಿ, ಜಂಗಮಕೋಟೆ ಎಂದು ಬರೆದಿದ್ದೇನೆ. ಗರಗಸದ ಎದುರು ಸಂಸ್ಕೃತ, ಹಳಗನ್ನಡ, ಜಂಗಮಕೋಟೆ. ಪಿಕಾಸಿಯ ಎದುರು ಇಂಗ್ಲಿಷ್, ಜಂಗಮಕೋಟೆ. ಚರಿತ್ರೆ ಅಳಿಯಲಿಲ್ಲ, ಗೆಳತಿ ಹೆದರಿದಂತೆ ಆಗಲಿಲ್ಲ. ದಾರಿಗಳು ಬೇರೆ ಬೇರೆ, ಕೊನೆಯ ಊರು ಮಾತ್ರ ಒಂದೇ. 'ವಕ್ತೃ' ಕಾಲಮ್ಮಿನಲ್ಲಿ ಸಂಖ್ಯೆ ತೆಗೆದು, ಒಪ್ಪಿದವರ ಹೆಸರು ಮತ್ತು ಅವರು ಯಾರಿಂದ ಕಲಿತರು ಎಂಬುದನ್ನು ಬರೆಯುತ್ತಿದ್ದೇನೆ. ಮಾರ್ಗದರ್ಶಕರು ಇದನ್ನು ಪೂರ್ತಿ ಒಪ್ಪಿಲ್ಲ. ಅನ್ಯದೇಶ್ಯ ಎಂಬುದು ರೂಢಿಯ ಪರಿಭಾಷೆ, ಬಿಡಬೇಕಾದರೆ ಕಾರಣ ಬರೆಯಬೇಕು ಎಂದಿದ್ದಾರೆ. ನ್ಯಾಯವಾದ ಮಾತು. ಕಾರಣ ಬರೆಯುತ್ತಿದ್ದೇನೆ.

ಹೊಸ ಪಟ್ಟಿಯನ್ನು ಕಳೆದ ತಿಂಗಳು ಅಂಗಡಿಗೆ ಒಯ್ದೆ. ಹುಡುಗ ಓದಿದ, ಚಾಚಾ ಕೆಲಸ ಮಾಡುತ್ತಲೇ ಕೇಳಿದರು. ಹೊಗಳಲಿಲ್ಲ. ಒಂದು ಕಡೆ ತಡೆದು, ನಾನು ಪಕ್ಕಡ್ ಎಂದು ಬರೆದದ್ದು ಜಂಬೂರ್ ಎಂದು ತಿದ್ದಿದರು. ಎರಡನ್ನೂ ಕೈಗೆ ಕೊಟ್ಟು ವ್ಯತ್ಯಾಸ ತೋರಿಸಿದರು. ಒಂದು ಹಿಡಿಯುವುದಕ್ಕೆ, ಇನ್ನೊಂದು ಮೊಳೆ ಕೀಳುವುದಕ್ಕೆ. ಪಾರಸಿಯಲ್ಲಿ ಜಂಬೂರ್ ಎಂದರೆ ಕಣಜ. ಆ ಬಾಗಿದ ಎರಡು ಕೊಕ್ಕೆ ನೋಡಿದರೆ ಹೆಸರು ಯಾಕೆ ಬಂತೆಂದು ಹೇಳಬೇಕಾಗಿಲ್ಲ.

ಹುಡುಗ ಬೈರಿಗೆಯ ಸಾಲಿಗೆ ಬಂದ. ಅಲ್ಲಿ ಈಗ ತಾತನ ಹೆಸರಿನ ಜೊತೆ ಚಾಚಾ ಹೆಸರೂ ಇತ್ತು. 'ಯಾರಿಂದ ಕಲಿತದ್ದು' ಎಂಬಲ್ಲಿ ನಾನು ಖಾಲಿ ಬಿಟ್ಟಿದ್ದೆ. ಯಾರಿಂದ ಕಲಿತಿರಿ ಚಾಚಾ ಎಂದು ಕೇಳಿದೆ.

"ಇನ್ಯಾರಿಂದ, ನಿಮ್ಮ ತಾತನಿಂದಲೇ" ಎಂದರು. "ಹನ್ನೆರಡು ವರ್ಷದವನಿದ್ದಾಗ ಅವರ ಹತ್ರ ದಾರ ಎಳೆಯೋಕೆ ಕೂರ್ತಿದ್ದೆ. ನೀನು ಕೇಳಲೇ ಇಲ್ಲವಲ್ಲ."